ಹಿಂದಿನ ಗಾಜಿನ ಮೇಲಿನ ಹೆಸರು: ತೆಗೆಯಬೇಕೋ, ಬಿಡಬೇಕೋ?

ನವನಗರ ನಿವಾಸಿ (ಚರ್ಚೆ ಆರಂಭಿಸಿದವರು)

ದಸರೆಯಲ್ಲಿ ಬನ್ನಿ ಮುಡಿಯುವ ದಿನ ನನ್ನ ಮಗ ಹಳೆಯ ಸ್ವಿಫ್ಟ್ ಕಾರೊಂದನ್ನು ಮನೆಗೆ ತಂದ. ನೋಂದಣಿ ಕೆಎ-25, ಬಣ್ಣ ಬಿಳಿ, ಓಡಿದ್ದು ಎಪ್ಪತ್ತು ಸಾವಿರ ಕಿಲೋಮೀಟರ್‌ಗಿಂತ ತುಸು ಹೆಚ್ಚು. ಎಂಜಿನ್ ಗಟ್ಟಿ ಇದೆ, ಮುಂದಿನ ಎರಡು ಟೈರ್ ಬದಲಿಸಬೇಕು ಎಂದು ಮಿಸ್ತ್ರಿ ಹೇಳಿದರು. ಅದೆಲ್ಲ ಸರಿ. ನಾನು ಇಲ್ಲಿ ಕೇಳುತ್ತಿರುವುದು ಹಿಂದಿನ ಗಾಜಿನ ವಿಷಯ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕೇಸರಿ ರೇಡಿಯಂನಲ್ಲಿ, ದೇವನಾಗರಿ ಅಕ್ಷರದಲ್ಲಿ, ‘ಆಈ ತುಳಜಾಭವಾನಿ’ ಎಂದು ಬರೆಸಲಾಗಿದೆ. ಮಾರಿದವರು ಹುಬ್ಬಳ್ಳಿಯ ಕಮರಿಪೇಟೆಯ ಕಡೆಯವರು. ನಮ್ಮದು ನವಲಗುಂದ ತಾಲ್ಲೂಕಿನ ಒಕ್ಕಲುತನದ ಮನೆ. ಮರಾಠಿ ಮಾತನಾಡುವವರು ನಮ್ಮಲ್ಲಿ ಒಬ್ಬರೂ ಇಲ್ಲ.

ಇವತ್ತು ತೆಗೆಸೋಣ, ನಾಳೆ ತೆಗೆಸೋಣ ಎನ್ನುತ್ತಲೇ ನಾಲ್ಕು ತಿಂಗಳು ಕಳೆದವು. ಈ ಅವಧಿಯಲ್ಲಿ ನಾವು ಬೇರೆಯವರಾಗಿ ತಿರುಗಾಡಿದೆವು ಎಂದರೆ ತಪ್ಪಾಗದು. ನಿಪ್ಪಾಣಿಯ ಹತ್ತಿರ ಊಟಕ್ಕೆ ನಿಲ್ಲಿಸಿದಾಗ ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳುವ ಹಿರಿಯರೊಬ್ಬರು ಓಡಿಬಂದು, ಮರಾಠಿಯಲ್ಲಿ ಏನೇನೋ ಕ್ಷೇಮಸಮಾಚಾರ ಕೇಳಿ, ಬೇವಿನ ಮರದ ನೆರಳಿನ ಜಾಗವನ್ನು ನಮಗೇ ಬಿಡಿಸಿಕೊಟ್ಟರು. ನಾನು ಕನ್ನಡದಲ್ಲಿ ಉತ್ತರಿಸಿದಾಗ ಅವರ ಮುಖ ಸಪ್ಪಗಾಯಿತು. ನವೆಂಬರ್ 1ರಂದು ಚನ್ನಮ್ಮನ ವೃತ್ತದಲ್ಲಿ ಹಳದಿ-ಕೆಂಪು ಶಾಲು ಹೊದ್ದ ಹುಡುಗನೊಬ್ಬ ಕಾರಿನ ಹಿಂದಿನಿಂದ ಸುತ್ತಿ ಬಂದು, ಕಿಟಕಿ ಬಡಿದು, ಬಹಳ ಮರ್ಯಾದೆಯಿಂದಲೇ, “ಕಾಕಾ, ಕನ್ನಡದಾಗ ಬರಸ್ರಲ್ಲ” ಎಂದ. ಗದಗಿನ ಮದುವೆಯೊಂದರಲ್ಲಿ ನಮ್ಮ ಬೀಗರು, “ಯಾರ ಗಾಡಿ ತಂದೀರಿ?” ಎಂದು ಕೇಳಿದರು.

ತೆಗೆಸಿಬಿಡೋಣ ಎನ್ನುತ್ತಾನೆ ಮಗ. ದೇವರ ಹೆಸರನ್ನು ಬ್ಲೇಡಿನಿಂದ ಕೆರೆಯುವುದು ನನ್ನ ಹೆಂಡತಿಗೆ ಸರಿ ಕಾಣುತ್ತಿಲ್ಲ. ನನಗೆ ಅನ್ನಿಸುತ್ತಿರುವುದು ಇಷ್ಟು: ಕನ್ನಡ, ಉರ್ದು, ಮರಾಠಿ, ಸಾವಜಿ, ಕೊಂಕಣಿ, ತೆಲುಗು, ಮಾರವಾಡಿ, ಲಂಬಾಣಿ ಇಷ್ಟೂ ಮಾತು ಒಂದೇ ಸಿಗ್ನಲ್ಲಿನಲ್ಲಿ ನಿಲ್ಲುವ ಈ ಊರಿನಲ್ಲಿ ಕಾರಿನ ಹಿಂಭಾಗ ಎಂಬುದು ಮನೆಯ ಬಾಗಿಲಿನ ಫಲಕದಂತೆ ಆಗಿಬಿಟ್ಟಿದೆ. ಇದು ಯಾವಾಗ ಶುರುವಾಯಿತು, ಇದರಿಂದ ನಮಗೆ ಆಗುತ್ತಿರುವುದೇನು? ತಿಳಿದವರು ಬರೆಯಬೇಕೆಂದು ವಿನಂತಿ.

ಮಾಳಮಡ್ಡಿಯ ನಿವೃತ್ತ ಅಧ್ಯಾಪಕಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ತುಳಜಾಭವಾನಿ ಮರಾಠಿಯವರ ದೇವರು ಎಂದು ನೀವು ಹೇಳದೆಯೇ ಹೇಳಿದ್ದೀರಿ. ತುಳಜಾಪುರ ಇಂದು ಮಹಾರಾಷ್ಟ್ರದಲ್ಲಿರುವುದು ನಿಜ. ಆದರೆ ನಮ್ಮ ಕಡೆಯ ಎಷ್ಟೋ ಕನ್ನಡ ಮನೆಗಳಿಗೆ ಅಂಬಾಭವಾನಿಯೇ ಮನೆದೇವರು. ವಿಜಯಪುರ, ಕಲಬುರಗಿ, ಬೀದರ ಕಡೆಯ ಜನ ಶೀಗಿ ಹುಣ್ಣಿಮೆಗೆ ಅಲ್ಲಿಗೆ ನಡೆದುಕೊಂಡು ಹೋಗುತ್ತಾರೆ. ನಮ್ಮ ಮನೆಯ ಮದುವೆಗಳಲ್ಲಿ ಗೊಂದಲಿಗರು ಬಂದು ರಾತ್ರಿಯಿಡೀ ಅವಳ ಹೆಸರಿನಲ್ಲಿ ಹಾಡಿದ್ದನ್ನು ನಾನು ಕೇಳಿ ಬೆಳೆದಿದ್ದೇನೆ. ಆದ್ದರಿಂದ ನಿಮ್ಮ ತಕರಾರು ದೇವಿಯ ಬಗ್ಗೆ ಇರಲಾರದು, ಲಿಪಿಯ ಬಗ್ಗೆ ಇರಬೇಕು. ಇವೆರಡನ್ನೂ ಬೇರೆ ಮಾಡಿಕೊಂಡರೆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾದೀತು.

ಯಾವಾಗ ಶುರುವಾಯಿತು ಎಂಬುದಕ್ಕೆ ನನ್ನ ನೆನಪಿನಿಂದ ಉತ್ತರ ಹೇಳುತ್ತೇನೆ. ನಾನು ಮದುವೆಯಾಗಿ ಧಾರವಾಡಕ್ಕೆ ಬಂದಾಗ ನಮ್ಮ ಓಣಿಯಲ್ಲಿ ಕಾರು ಇದ್ದ ಮನೆಗಳು ಮೂರೋ ನಾಲ್ಕೋ. ದೇಸಾಯರ ಫಿಯೆಟ್, ಡಾಕ್ಟರ ಅಂಬಾಸಿಡರ್, ಹತ್ತಿಯ ದಲಾಲರ ಇನ್ನೊಂದು ಅಂಬಾಸಿಡರ್. ಅವುಗಳ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಹಾರ್ನ್ ಕೇಳಿದರೆ ಸಾಕು, ಒಳಗಿದ್ದ ಹೆಣ್ಣುಮಕ್ಕಳು ಇಂಥವರು ಬಂದರು ಎಂದು ಹೇಳುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದಾದ ಮೇಲೆ ನಿಧಾನಕ್ಕೆ ಬ್ಯಾಂಕಿನ ಸಾಲ ಬಂತು. ಅಜ್ಜನ ಕಾಲದಲ್ಲಿ ಚಕ್ಕಡಿಯೂ ಇಲ್ಲದಿದ್ದ ಮನೆಗಳ ಮುಂದೆ ಕಾರು ನಿಂತಿತು. ಗಾಜಿನ ಮೇಲೆ ಹೆಸರು ಬಂದದ್ದು ಆಗ. ಊರು ಯಾರನ್ನು ಮೊದಲೇ ಗುರುತಿಸುತ್ತಿತ್ತೋ ಅವರು ಬರೆಸಲಿಲ್ಲ, ಗುರುತಿಸದೇ ಇದ್ದವರು ಬರೆಸಿದರು. ಇದನ್ನು ಹಗುರವಾಗಿ ನೋಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು, ಇದು ಗಂಡಸರಿಗೆ ಹೊಳೆಯುವುದು ಕಡಿಮೆ. ನನ್ನ ಕಾರಿನ ಮೇಲೆ ಏನೂ ಬರೆದಿಲ್ಲ. ಇಪ್ಪತ್ತೈದು ವರ್ಷಗಳಿಂದ ನಾನೇ ಓಡಿಸುತ್ತೇನೆ. ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿದರೆ ಇವತ್ತಿಗೂ, “ಯಾರ ಗಾಡೀರಿ ಅವ್ವಾರ?” ಎಂದು ಕೇಳುವವರು ಇದ್ದಾರೆ. ಗಾಜು ಖಾಲಿ ಇದ್ದರೆ ಜನ ಓಡಿಸುವವರ ಹಣೆ, ಕೊರಳು, ಸೆರಗು ಓದುತ್ತಾರೆ.

ಉಣಕಲ್ ಕಡೆಯವ

ಚರ್ಚೆಗೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ: ತೆಗೆಯುವುದಾದರೆ ಬ್ಲೇಡ್ ಹಚ್ಚಬೇಡಿ. ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಹಿಡಿದು ಮೂಲೆಯಿಂದ ನಿಧಾನವಾಗಿ ಎಳೆಯಿರಿ. ಒಳಗಡೆ ಅಂಟಿಸಿದ್ದರೆ ಇನ್ನೂ ಎಚ್ಚರ ಬೇಕು. ಮಂಜು ಕರಗಿಸುವ ಸಣ್ಣ ತಂತಿಗೆರೆಗಳು ಗಾಜಿನ ಒಳಮೈಯಲ್ಲೇ ಇರುತ್ತವೆ, ಕೆರೆದರೆ ಕಿತ್ತು ಬರುತ್ತವೆ.

ಪರದೇಶಿ ಧಾರವಾಡಿಗ

ಅಧ್ಯಾಪಕಿಯವರ ಮಾತು ಓದಿ ಬರೆಯಬೇಕೆನಿಸಿತು. ನಾನು ಹನ್ನೊಂದು ವರ್ಷ ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿದ್ದೆ. ಅಲ್ಲಿನ ಪೂರ್ವ ಭಾಗದಲ್ಲಿ ಮೆಕ್ಸಿಕೋ ಮೂಲದವರು ಹೆಚ್ಚು. ವಿಟ್ಟಿಯರ್ ಬುಲೆವಾರ್ಡ್ ಎಂಬ ದೊಡ್ಡ ರಸ್ತೆಯಲ್ಲಿ ರಜೆಯ ದಿನ ಸಂಜೆ ಅವರ ಕಾರುಗಳು ನಡೆದು ಬರುವುದನ್ನು ನೋಡಬೇಕು. ಓಡುವುದಲ್ಲ, ನಡೆಯುವುದೇ ಸರಿ, ಏಕೆಂದರೆ ನಮ್ಮಲ್ಲಿ ತೇರು ಎಳೆಯುವ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಅವರು ಹೋಗುವುದಿಲ್ಲ. ‘ತಗ್ಗಾಗಿ, ನಿಧಾನವಾಗಿ’ ಎಂಬುದೇ ಅವರ ಘೋಷವಾಕ್ಯ. ಈ ಕಾರುಗಳನ್ನು ಲೋರೈಡರ್ ಎನ್ನುತ್ತಾರೆ.

ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ, ಹೊಸ ಕಾರು ಕೊಳ್ಳಲಾಗದ ಹುಡುಗರು ಹಳೆಯ ಶೆವ್ರೊಲೆಗಳನ್ನು ತಂದು, ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ, ಸ್ಪ್ರಿಂಗ್ ಕತ್ತರಿಸಿ, ಗಾಡಿಯನ್ನು ನೆಲಕ್ಕೆ ತಾಗುವಂತೆ ತಗ್ಗಿಸಿದರು. ಬಿಳಿಯರ ಹುಡುಗರು ಕಾರನ್ನು ವೇಗವಾಗಿ ಓಡಿಸುವುದರಲ್ಲಿ ಹೆಮ್ಮೆ ಪಡುತ್ತಿದ್ದ ಕಾಲದಲ್ಲಿ ಇವರು ನಿಧಾನಕ್ಕೆ ಓಡಿಸುವುದನ್ನೇ ಹೆಮ್ಮೆ ಮಾಡಿಕೊಂಡರು. ಕ್ಯಾಲಿಫೋರ್ನಿಯಾ 1958ರಲ್ಲಿ, ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಇರಬಾರದು ಎಂಬ ಕಾನೂನು ತಂದಿತು. ಮರುವರ್ಷವೇ ರಾನ್ ಅಗಿರೆ ಎಂಬ ಯುವಕ ವಿಮಾನದಲ್ಲಿ ಬಳಸುವ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಗುಂಡಿ ಒತ್ತಿದರೆ ಗಾಡಿ ತಗ್ಗುತ್ತದೆ, ಪೊಲೀಸರು ಕಂಡರೆ ಇನ್ನೊಮ್ಮೆ ಒತ್ತಿದರೆ ಮೇಲೇಳುತ್ತದೆ. ಕಾನೂನಿಗೆ ಹೆದರಿ ಹುಟ್ಟಿದ ಉಪಾಯವೇ ಮುಂದೆ ಕಲೆಯಾಯಿತು. 1964ರ ಇಂಪಾಲಾ ಕಾರೊಂದಕ್ಕೆ ಮೈತುಂಬ ಗುಲಾಬಿ ಹೂ ಬರೆಸಿದ್ದು ಆ ದೇಶದ ಚಾರಿತ್ರಿಕ ವಾಹನಗಳ ಪಟ್ಟಿಯನ್ನೇ ಸೇರಿದೆ. ಬಾನೆಟ್ಟಿನ ಮೇಲೆ ಗ್ವಾಡಲೂಪೆಯ ಮಾತೆಯ ಚಿತ್ರ ಬರೆಸುವುದು ಅಲ್ಲಿ ಸಾಮಾನ್ಯ. ನಮ್ಮ ಲಾರಿಯ ಹಣೆಯ ಮೇಲೆ ಎಲ್ಲಮ್ಮ ಇದ್ದ ಹಾಗೆ.

ರಸ್ತೆಯಲ್ಲಿ ಹೀಗೆ ಸಾಲಾಗಿ ಸುಮ್ಮನೆ ಸುತ್ತುವುದನ್ನು ಅಲ್ಲಿನ ಎಷ್ಟೋ ನಗರಗಳು ನಿಷೇಧಿಸಿದ್ದವು. 2023ರಲ್ಲಿ ಸಹಿಯಾದ ಕಾನೂನಿನಿಂದ, 2024ರ ಜನವರಿ 1ರಿಂದ, ಆ ನಿಷೇಧಗಳೂ ರಿಮ್ಮಿನ ಎತ್ತರದ ಹಳೆಯ ನಿಯಮವೂ ರಾಜ್ಯದಾದ್ಯಂತ ಹೋದವು. ಅರವತ್ತೈದು ವರ್ಷ ಹಿಡಿಯಿತು. ನಮ್ಮೂರಿನ ಹಿಂದಿನ ಗಾಜನ್ನೂ ಈ ದೃಷ್ಟಿಯಿಂದ ನೋಡಬಹುದಲ್ಲವೇ? ‘ನಾವೂ ಈ ಊರಿನವರೇ’ ಎಂದು ಹೇಳುವ ಆಸೆ ಎರಡೂ ಕಡೆ ಒಂದೇ.

ವಿದ್ಯಾನಗರದ ವಕೀಲ

ಪರದೇಶದ ಮಿತ್ರರ ಬರಹ ರೋಚಕವಾಗಿದೆ, ಆದರೆ ಹೋಲಿಕೆಯನ್ನು ನಾನು ಒಪ್ಪಲಾರೆ. ಅಲ್ಲಿ ಕಾರನ್ನು ಸಿಂಗರಿಸಿದವರು ಪೊಲೀಸರು ಪದೇಪದೇ ತಡೆದು ನಿಲ್ಲಿಸುತ್ತಿದ್ದ ಜನ. ಇಲ್ಲಿ ದೊಡ್ಡಕ್ಷರದಲ್ಲಿ ಬರೆಸುವವರಲ್ಲಿ ಅನೇಕರು, ತಮ್ಮನ್ನು ಯಾರೂ ತಡೆಯಬಾರದೆಂದೇ ಬರೆಸುವವರು. ಕುಲದ ಹೆಸರು, ಅದರ ಕೆಳಗೆ ‘ಬಾಸ್’ ಎಂದೋ ‘ಹುಲಿ’ ಎಂದೋ ಸೇರಿಸಿದ ಬೊಲೆರೊ ನನ್ನ ಬೈಕಿನ ಹಿಂದೆ ಹಾರ್ನ್ ಹೊಡೆಯುತ್ತಾ ಬಂದರೆ, ಅದರಲ್ಲಿ ನನಗೆ ಕಾಣುವುದು ಅಸ್ಮಿತೆಯಲ್ಲ, ಬೆದರಿಕೆ. ಅಧ್ಯಾಪಕಿಯವರು ಹೇಳಿದ ‘ಗುರುತಿಸದೇ ಇದ್ದವರು’ ಮೊದಲು ಬರೆಸಿದ್ದಿರಬಹುದು. ಈಗ ಗುರುತಿರುವವರೂ ಅವರನ್ನು ಮೀರಿಸಿ ಬರೆಸುತ್ತಿದ್ದಾರೆ.

ಕಾನೂನಿನ ಸ್ಥಿತಿಯನ್ನು ಹೇಳುತ್ತೇನೆ. ನೋಂದಣಿ ಫಲಕದ ಮೇಲೆ ಸಂಖ್ಯೆಯ ಹೊರತು ಹೆಸರು, ಚಿತ್ರ, ಹುದ್ದೆ ಏನೂ ಇರಕೂಡದು. ಗಾಜಿನ ವಿಷಯದಲ್ಲಿ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಶೇ. 70ರಷ್ಟು, ಪಕ್ಕದ ಗಾಜು ಶೇ. 50ರಷ್ಟು ಬೆಳಕು ಬಿಡಬೇಕು. 2012ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಗಾಡಿಯ ರಚನೆಯನ್ನು ತಯಾರಕರ ವಿವರಕ್ಕೆ ವಿರುದ್ಧವಾಗಿ ಬದಲಿಸಬಾರದು ಎಂದು ಅದೇ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿದೆ, ಅಂದರೆ ಲಾಸ್ ಏಂಜಲಿಸಿನ ಪಂಪನ್ನು ಇಲ್ಲಿ ಹಾಕಿಸುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಬೇಕು. ಉತ್ತರ ಪ್ರದೇಶದಲ್ಲಿ 2025ರ ಸೆಪ್ಟೆಂಬರಿನಲ್ಲಿ, ಅಲಹಾಬಾದ್ ಹೈಕೋರ್ಟಿನ ತೀರ್ಪಿನ ಬೆನ್ನಲ್ಲೇ, ವಾಹನಗಳ ಮೇಲಿನ ಜಾತಿಯ ಹೆಸರುಗಳನ್ನು ತೆಗೆಸುವಂತೆ ಸರಕಾರ ಆದೇಶ ಹೊರಡಿಸಿತು. ನಮ್ಮಲ್ಲೂ ಹಾಗೆ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಕಾರಿನ ಬಗ್ಗೆ: ದೇವಿಯ ಹೆಸರು ಜಾತಿಯ ಹೆಸರಲ್ಲ. ಆದರೂ ತೆಗೆಸಿ. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಹತ್ತಿರ ಬಸ್ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾದಾಗ ಎರಡೂ ರಾಜ್ಯಗಳಲ್ಲಿ ಬಸ್ಸುಗಳಿಗೆ ಮಸಿ ಬಳಿದದ್ದನ್ನು ನಾವು ನೋಡಿದ್ದೇವೆ. ಮಸಿ ಹಿಡಿದು ಬಂದವನು ಮನೆದೇವರು ಯಾವುದು ಎಂದು ವಿಚಾರಿಸುವುದಿಲ್ಲ.

ಕಮರಿಪೇಟೆ

ನಾನು ಆ ಕಾರನ್ನು ಮಾರಿದವನಲ್ಲ, ಆದರೆ ಅದೇ ಓಣಿಯವನು. ನಮ್ಮ ಓಣಿಯಲ್ಲಿ ಅಂಥ ಗಾಜಿನ ಕಾರು ಹತ್ತಾದರೂ ಸಿಗುತ್ತವೆ. ಎಲ್ಲರೂ ದೇವನಾಗರಿ ಎಂದ ಕೂಡಲೇ ಮರಾಠಿ ಎಂದು ತೀರ್ಮಾನಿಸಿದ್ದರಿಂದ ಬರೆಯುತ್ತಿದ್ದೇನೆ. ನಾವು ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು. ಮನೆಯಲ್ಲಿ ಆಡುವುದು ಸಾವಜಿ ಮಾತು, ಅದು ಮರಾಠಿಯಲ್ಲ. ಶಾಲೆಯಲ್ಲಿ ಕಲಿತದ್ದು ಕನ್ನಡ, ಅಂಗಡಿಯ ಲೆಕ್ಕ ಕನ್ನಡದಲ್ಲಿ. ದಾಜಿಬಾನ ಪೇಟೆಯ ತುಳಜಾಭವಾನಿ ಗುಡಿಗೆ ನವರಾತ್ರಿಯಲ್ಲಿ ಬನ್ನಿ. ಅಲ್ಲಿ ಕೇಳುವ ಮಾತುಗಳಲ್ಲಿ ಯಾವುದು ಯಾರದು ಎಂದು ಬಿಡಿಸಲು ನಿಮಗೂ ಆಗದು, ನಮಗೂ ಆಗದು.

ಹಾಗಾದರೆ ದೇವನಾಗರಿಯಲ್ಲಿ ಏಕೆ ಬರೆಸುತ್ತೀರಿ ಎಂದು ಕೇಳಬಹುದು. ತುಳಜಾಪುರದ ಗುಡಿಯ ಮುಂದಿನ ಅಂಗಡಿಯಲ್ಲಿ ಸಿಗುವ ಚಿತ್ರದ ಮೇಲೆ ಹಾಗೆ ಬರೆದಿರುತ್ತದೆ, ಅದನ್ನೇ ತಂದು ರೇಡಿಯಂ ಅಂಗಡಿಯವನಿಗೆ ತೋರಿಸುತ್ತೇವೆ. ಅಷ್ಟೇ. ಅದರ ಹಿಂದೆ ಗಡಿ ವಿವಾದ ಇಲ್ಲ. ವಕೀಲರು ಮಸಿಯವರಿಗೆ ಹೆದರಿ ತೆಗೆಸಿ ಎನ್ನುತ್ತಾರೆ. ಆ ಹೆದರಿಕೆಯಲ್ಲಿ ನಾವು ಪ್ರತಿ ಸಲವೂ ಬದುಕಿದ್ದೇವೆ ಎಂಬುದು ಅವರಿಗೆ ಗೊತ್ತಿದೆಯೇ? ಗಲಾಟೆಯ ಸುದ್ದಿ ಬಂದ ಬೆಳಿಗ್ಗೆ ನನ್ನ ಅಣ್ಣ ಕಾರಿನ ಹಿಂದಿನ ಗಾಜಿನ ಮೇಲೆ ಹಳೆಯ ಚಾದರ ಹೊದಿಸಿ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ.

ನವನಗರ ನಿವಾಸಿ

ಕಮರಿಪೇಟೆಯವರ ಕ್ಷಮೆ ಕೇಳುತ್ತೇನೆ. ಮಾರಿದವರು ನನ್ನೊಂದಿಗೆ ಎರಡು ಗಂಟೆ ಶುದ್ಧ ಹುಬ್ಬಳ್ಳಿ ಕನ್ನಡದಲ್ಲೇ ಚೌಕಾಸಿ ಮಾಡಿದ್ದರು. ಆದರೂ ಗಾಜು ನೋಡಿ ಅವರನ್ನು ಮನಸ್ಸಿನಲ್ಲೇ ಮರಾಠಿಗರ ಸಾಲಿನಲ್ಲಿ ಕೂರಿಸಿದ್ದೆ. ಬೀಗರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೇನೆ.

ರೇಡಿಯಂ ಕೆಲಸದವ, ಗೋಕುಲ ರಸ್ತೆ

ಎಲ್ಲರೂ ಗಾಜಿನ ಬಗ್ಗೆ ಬರೆದಿದ್ದೀರಿ, ಅಂಟಿಸುವವನ ಮಾತನ್ನೂ ಕೇಳಿ. ಹತ್ತೊಂಬತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ನಮ್ಮ ಮನೆಯ ಮಾತು ಉರ್ದು, ಓದಿದ್ದು ಹಳೇ ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ. ಎಲ್ಲರೂ ರೇಡಿಯಂ ಎನ್ನುವ ಹಾಳೆಯಲ್ಲಿ ರೇಡಿಯಂ ಇಲ್ಲವೆಂಬುದು ನನಗೆ ತಿಳಿದಿದೆ. ಅಂಗಡಿಯ ಫಲಕದ ಮೇಲೆ ಬೇರೆ ಹೆಸರು ಬರೆದರೆ ಗಿರಾಕಿ ಬರುವುದಿಲ್ಲ.

ನನ್ನ ಅಂಗಡಿಗೆ ಬೇರೆಯದೇ ಪಂಚಾಂಗವಿದೆ. ಫೆಬ್ರುವರಿಯಲ್ಲಿ ಸೇವಾಲಾಲ ಜಯಂತಿಗೆ ತಾಂಡಾಗಳಿಂದ ಬರುತ್ತಾರೆ, ಅದರ ಹಿಂದೆಯೇ ಶಿವಾಜಿ ಜಯಂತಿಯವರು. ಏಪ್ರಿಲ್ 14ರ ಮೊದಲು ನೀಲಿ ಹಾಳೆ ಮುಗಿದುಹೋಗುತ್ತದೆ. ಬಸವ ಜಯಂತಿಗೆ ಬಸವಣ್ಣ, ಆಗಸ್ಟ್ 15ಕ್ಕೆ ತ್ರಿವರ್ಣದ ಜೊತೆಗೆ ಸಂಗೊಳ್ಳಿ ರಾಯಣ್ಣ, ಈದ್ ಮಿಲಾದಿಗೆ ಹಸಿರು, ಖಂಡೇನವಮಿಗೆ ಎಲ್ಲರೂ, ನವೆಂಬರಿನಲ್ಲಿ ಹಳದಿ-ಕೆಂಪು. ಸಿದ್ಧಾರೂಢ ಅಜ್ಜನ ಚಿತ್ರಕ್ಕೆ ಮಾತ್ರ ಋತುಮಾನವಿಲ್ಲ. ಅದನ್ನು ಎಲ್ಲ ಜಾತಿಯವರೂ ವರ್ಷವಿಡೀ ಕೇಳುತ್ತಾರೆ. ರಾಯಣ್ಣನ ಮೀಸೆಯನ್ನು ಕೈಯಿಂದ ಕತ್ತರಿಸುವುದರಲ್ಲಿ ನನ್ನಷ್ಟು ಪಳಗಿದವರು ಈ ರಸ್ತೆಯಲ್ಲಿಲ್ಲ. ಇದು ಜಂಬವಲ್ಲ, ಕೇಳಿ ನೋಡಿ.

ಲಿಪಿಯ ಬಗ್ಗೆ ನೀವು ಯಾರೂ ಹೇಳದ ಸಂಗತಿ ಒಂದಿದೆ. ದೇವನಾಗರಿಯ ತಲೆಯ ಮೇಲೆ ಗೆರೆ ಇರುವುದರಿಂದ ಇಡೀ ಪದ ಒಂದೇ ತುಂಡಾಗಿ ಬರುತ್ತದೆ. ಸೋಪಿನ ನೀರು ಹೊಡೆದು, ಅಂಟಿಸಿ, ಹಳೆಯ ಎಟಿಎಂ ಕಾರ್ಡಿನಿಂದ ಒತ್ತಿದರೆ ಹತ್ತು ವರ್ಷವಾದರೂ ಜಗ್ಗುವುದಿಲ್ಲ. ಕನ್ನಡದ ಅಕ್ಷರಗಳು ಬಿಡಿಬಿಡಿ. ಒತ್ತಕ್ಷರಗಳಂತೂ ಕಡಲೆಕಾಳಿನಷ್ಟು ಸಣ್ಣ ತುಂಡುಗಳು. ನೀರಿನ ಪಂಪು ಹಿಡಿದು ಗಾಡಿ ತೊಳೆಯುವವರು ಮೊದಲು ಹಾರಿಸುವುದು ಅವನ್ನೇ. ‘ಅಪ್ಪನ ಆಶೀರ್ವಾದ’ ಎಂದು ಬರೆಸಿಕೊಂಡು ಹೋದವರು ಆರು ತಿಂಗಳಿಗೆ ‘ಅಪನ ಆಶೀವಾದ’ ಆಗಿ ತಿರುಗಿ ಬರುತ್ತಾರೆ. ಯಂತ್ರ ಬಂದ ಮೇಲೂ ಈ ಕಷ್ಟ ಹೋಗಿಲ್ಲ. ಆದ್ದರಿಂದ ಕನ್ನಡಕ್ಕೆ ನಾನು ಅಕ್ಷರವನ್ನು ಕೊರೆಯುವುದಿಲ್ಲ. ಒಂದು ಪಟ್ಟಿ ಅಂಟಿಸಿ ಅದರೊಳಗೆ ಅಕ್ಷರದ ಜಾಗ ಖಾಲಿ ಬಿಡುತ್ತೇನೆ, ಆಗ ಒತ್ತು ಉದುರುವ ಮಾತೇ ಇಲ್ಲ.

ವಕೀಲರ ಮಾತಿನಲ್ಲಿ ನಿಜವಿದೆ. ಮೊದಲು ಗಿರಾಕಿಗಳು ಚೆಂದ ಇರಲಿ ಎನ್ನುತ್ತಿದ್ದರು. ಈಗ ಮೊಬೈಲಿನಲ್ಲಿ ಬೇರೆ ಗಾಡಿಯ ಚಿತ್ರ ತೋರಿಸಿ, “ಇದಕ್ಕಿಂತ ದೊಡ್ಡದ ಬೇಕು” ಎನ್ನುತ್ತಾರೆ. ಒಮ್ಮೆ ಒಬ್ಬರು ಇನ್ನೊಂದು ಸಮಾಜವನ್ನು ಹೀಯಾಳಿಸುವ ಸಾಲು ಬರೆಸಲು ಬಂದಿದ್ದರು. ಯಂತ್ರ ಕೆಟ್ಟಿದೆ ಎಂದು ಕಳುಹಿಸಿದೆ. ಅವರು ಬೇರೆ ಕಡೆ ಬರೆಸಿಕೊಂಡರೋ ಏನೋ.

ಹಾವೇರಿ ಹೋರಿ ಅಭಿಮಾನಿ

ನಮ್ಮ ಹಾವೇರಿ ಕಡೆ ಇನ್ನೊಂದು ಬಗೆ ಇದೆ. ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬಗಳು ಶುರುವಾಗುತ್ತವೆ. ಕೊಬ್ಬರಿ ಸರ, ಬಲೂನು, ಜೂಲ ಕಟ್ಟಿದ ಹೋರಿಯನ್ನು ಪಿಕಪ್ ಗಾಡಿಯಲ್ಲಿ ತರುತ್ತಾರೆ. ಗಾಡಿಯ ಮುಂದಿನ ಗಾಜಿನ ಮೇಲೆ ಒಡೆಯನ ಹೆಸರಲ್ಲ, ಹೋರಿಯ ಹೆಸರು. ಆ ಹೋರಿಯ ಅಭಿಮಾನಿಗಳೆಲ್ಲ ತಮ್ಮ ತಮ್ಮ ಬೈಕು, ಟ್ರ್ಯಾಕ್ಟರ್, ಕಾರಿನ ಮೇಲೂ ಅದನ್ನೇ ಬರೆಸುತ್ತಾರೆ. ಅವರಲ್ಲಿ ಎಲ್ಲ ಓಣಿಯವರೂ ಇದ್ದಾರೆ. ನಮ್ಮೂರಿನ ಒಂದು ಹೋರಿ ಸತ್ತು ಮೂರು ವರ್ಷವಾಯಿತು, ಕೆಎ-27ರ ಎಷ್ಟೋ ಗಾಡಿಗಳ ಮೇಲೆ ಅದು ಇನ್ನೂ ಓಡುತ್ತಿದೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದ ಕೈಯೇ ಈಗ ಬಂಪರಿಗೆ ಬಣ್ಣ ಹಚ್ಚುತ್ತಿದೆ ಎಂದು ನನಗೆ ತೋರುತ್ತದೆ. ಹಾಗೆಂದು ಜಗಳ ಇಲ್ಲವೆಂದಲ್ಲ; ಹೋರಿಯ ಹೆಸರಿನಲ್ಲೂ ತಲೆ ಒಡೆದುಕೊಂಡವರಿದ್ದಾರೆ.

ಪರದೇಶಿ ಧಾರವಾಡಿಗ

ವಕೀಲರ ಆಕ್ಷೇಪವನ್ನು ಭಾಗಶಃ ಒಪ್ಪುತ್ತೇನೆ. ಅಲ್ಲಿನವರನ್ನು ಇಲ್ಲಿನ ಎಲ್ಲರಿಗೂ ಹೋಲಿಸಿದ್ದು ನನ್ನ ತಪ್ಪು. ಆದರೆ ಕಮರಿಪೇಟೆಯ ಆ ಹಳೆಯ ಚಾದರಕ್ಕೆ ಹೋಲಿಸಬಹುದು ಎಂದು ಈಗಲೂ ಹೇಳುತ್ತೇನೆ. ಪೊಲೀಸರನ್ನು ಕಂಡು ಗುಂಡಿ ಒತ್ತಿ ಗಾಡಿ ಎತ್ತರಿಸುವುದಕ್ಕೂ, ಸುದ್ದಿ ಕೇಳಿ ಗಾಜಿಗೆ ಚಾದರ ಹೊದಿಸುವುದಕ್ಕೂ ಹೆಚ್ಚಿನ ವ್ಯತ್ಯಾಸ ನನಗೆ ಕಾಣುವುದಿಲ್ಲ. ನೀವು ಬಯಸುವ ಆದೇಶ ಬಂದರೆ ಮೊದಲು ಯಾರ ಗಾಜು ಕೆರೆಯುತ್ತಾರೆ, ಆ ‘ಹುಲಿ’ಯದೋ ಈ ಚಾದರದವರದೋ, ಹೇಳಿ.

ವಿದ್ಯಾನಗರದ ವಕೀಲ

ಪ್ರಶ್ನೆ ನ್ಯಾಯವಾಗಿದೆ. ಚಾದರದವರದೇ ಮೊದಲು ಎಂಬ ಅನುಮಾನ ನನಗೂ ಇದೆ. ಆದರೂ ಆದೇಶ ಬೇಡ ಎನ್ನಲಾರೆ.

ನವನಗರ ನಿವಾಸಿ

ಎಲ್ಲರಿಗೂ ಕೃತಜ್ಞತೆ. ನಡೆದದ್ದನ್ನು ತಿಳಿಸಿ ಮುಗಿಸುತ್ತೇನೆ.

ಅಧ್ಯಾಪಕಿಯವರ ಬರಹವನ್ನು ಹೆಂಡತಿಗೆ ಓದಿ ಹೇಳಿದೆ. ಅವಳ ತವರಿನಲ್ಲಿ ಅಜ್ಜಿ ಇರುವವರೆಗೆ ಪ್ರತಿ ಮದುವೆಗೂ ಗೊಂದಲ ಹಾಕಿಸುತ್ತಿದ್ದರಂತೆ. ಮೂವತ್ತು ವರ್ಷದ ಸಂಸಾರದಲ್ಲಿ ಈ ಸಂಗತಿ ನನಗೆ ತಿಳಿದಿರಲಿಲ್ಲ, ಅವಳಿಗೂ ಹೇಳುವ ಸಂದರ್ಭ ಬಂದಿರಲಿಲ್ಲ. ಹೆಸರು ಇರಲಿ, ಲಿಪಿ ಬದಲಾಗಲಿ, ಗಾತ್ರ ಸಣ್ಣದಾಗಲಿ ಎಂದು ಮೂವರೂ ಒಪ್ಪಿದೆವು.

ಭಾನುವಾರ ಗೋಕುಲ ರಸ್ತೆಗೆ ಹೋದೆವು. ಇಲ್ಲಿ ಬರೆದವರ ಅಂಗಡಿಯೇ ಅದು. ಅವರು ಕಾರಿನ ಹಿಂದೆ ಬಂದು, ಅಕ್ಷರದ ಅಂಚನ್ನು ಉಗುರಿನಿಂದ ಸವರಿ ನೋಡಿ, ಇದು ತಮ್ಮದೇ ಕೆಲಸ ಎಂದರು. ‘ಳ’ದ ಸುರುಳಿಯನ್ನು ತಾವು ಯಾವಾಗಲೂ ಹಾಗೆ ಸ್ವಲ್ಪ ಅಗಲ ಬಿಡುವುದಂತೆ. ಬಿಸಿ ಗಾಳಿ ಹಿಡಿದು ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಇಡೀ ಪದ, ಅವರು ಹೇಳಿದಂತೆಯೇ, ಹರಿಯದೆ ಒಂದೇ ಪಟ್ಟಿಯಾಗಿ ಬಂತು. ಅದನ್ನು ಹೆಂಡತಿ ಮಡಚಿ ಕಾಗದದಲ್ಲಿಟ್ಟುಕೊಂಡಳು. ಗಾಜಿನ ಎಡಮೂಲೆಯಲ್ಲಿ ಅಂಗೈ ಅಗಲದ ಪಟ್ಟಿಯಲ್ಲಿ ಕನ್ನಡದ ‘ತುಳಜಾಭವಾನಿ’ ಈಗ ಇದೆ. ಇದರಲ್ಲಿ ಒತ್ತಕ್ಷರವಿಲ್ಲದ್ದು ನಮ್ಮ ಪುಣ್ಯ ಎಂದು ನಕ್ಕು ಅವರು ನೂರೈವತ್ತು ರೂಪಾಯಿ ತೆಗೆದುಕೊಂಡರು.

ಗಾಜು ಮಾತ್ರ ಪೂರ್ತಿ ಮರೆತಿಲ್ಲ. ಅಂಟು ಎಷ್ಟು ಒರೆಸಿದರೂ, ಮುಂಜಾನೆ ಇಬ್ಬನಿ ಕುಳಿತಾಗ ಹಳೆಯ ಅಕ್ಷರಗಳು ತಲೆಗೆರೆಯ ಸಮೇತ ಎದ್ದು ಕಾಣುತ್ತವೆ, ಬಿಸಿಲೇರಿದಂತೆ ಹೋಗುತ್ತವೆ. ಮೊನ್ನೆ ಆರ್‌ಸಿ ವರ್ಗಾವಣೆಯ ಕಾಗದಕ್ಕಾಗಿ ಮಾರಿದವರು ಫೋನ್ ಮಾಡಿದ್ದರು. ಕೆಲಸದ ಮಾತು ಮುಗಿದ ಮೇಲೆ ಸ್ವಲ್ಪ ತಡೆದು, “ಸರ್, ಅವ್ವನ ಹೆಸರ ಇನ್ನೂ ಐತೇನ್ರಿ ಗಾಡೀ ಮ್ಯಾಲ?” ಎಂದು ಕೇಳಿದರು.

“ಕನ್ನಡದಾಗ ಐತ್ರಿ,” ಎಂದೆ. “ನಿಮ್ಮದು ಮುಂಜಾನೆ ಅಷ್ಟ ಕಾಣಸ್ತೈತ್ರಿ.”